ಗುರುವಾರದ ಮನೆ

ಬಾನುಲಿಯವರು ಈ ಭಾಷಣಮಾಲೆಯಲ್ಲಿ ನನಗೆ ವಹಿಸಿಕೊಟ್ಟಿರುವ ವಿಷಯ ‘ಗೃಹಸ್ಥನೂ ಸಾಲವೂ’ ಎಂಬುದು. ಅರ್ಥಶಾಸ್ತ್ರದಲ್ಲಿ ಪದವಿ ಪಡೆದ ವಿದ್ವಾಂಸರು ಈ ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇರುವಾಗ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನ್ನನ್ನೇ ಇದಕ್ಕೆ ಏಕೆ ಆರಿಸಿದರೆಂದು ಮೊದಮೊದಲು ಸೋಜಿಗವಾಯಿತು. ಆಮೇಲೆ, ಓದಿ ಬಲ್ಲವರು ಬೇರೆ, ಉಂಡು ಬಲ್ಲವರು ಬೇರೆ ಎಂಬ ವಿವೇಚನೆ ಅವರಿಗಿದ್ದಿರಬೇಕೆಂದು ಸಮಾಧಾನ ತಂದುಕೊಂಡೆ. ಈ ಭಾಷಣಕ್ಕಾಗಿ ನನಗೆ ಬರತಕ್ಕ ಸಂಭಾವನೆಯನ್ನು ನಮ್ಮ ಬೀದಿಯ ದಿನಸಿ ಅಂಗಡಿಯ ಶೆಟ್ಟರಿಗೆ ಹದಿನೈದು ದಿನಗಳ ಹಿಂದೆಯೇ ಮಾತಿನಲ್ಲಿ ಒಪ್ಪಿಸಿಯಾಗಿದೆ. ಅವರು ಈಗ ಅಂಗಡಿಯಲ್ಲಿ ರೇಡಿಯೋ ಹಾಕಿಕೊಂಡು ಕುಳಿತಿರಬಹುದು. ನಾನು ಎಲ್ಲಿ ತಡವರಿಸಿ ನಿಂತುಬಿಡುವೆನೋ ಎಂಬ ಆತಂಕ ನನಗಿಂತ ಅವರಿಗೇ ಹೆಚ್ಚು.

ನಮ್ಮ ಆಡುಮಾತಿನಲ್ಲಿ ಸಾಲಕ್ಕೆ ಒಂದೇ ಹೆಸರಿಲ್ಲ. ಪತ್ರ, ತಾರೀಖು, ಬಡ್ಡಿಯ ದರ, ಜಾಮೀನುದಾರರ ರುಜು, ಇಷ್ಟೂ ಕೂಡಿದರೆ ಅದು ಸಾಲ. ಸ್ನೇಹಿತನ ಕೈಯಿಂದ ನಮ್ಮ ಕೈಗೆ ಬಂದು, ಇಬ್ಬರ ನೆನಪನ್ನು ಬಿಟ್ಟರೆ ಬೇರೆ ದಸ್ತಾವೇಜಿಲ್ಲದ್ದು ಕೈಗಡ. ಪಕ್ಕದ ಮನೆಯಿಂದ ಲೋಟದಲ್ಲಿ ಬರುವ ಕಾಫಿಪುಡಿ, ಸಕ್ಕರೆ, ತೊಗರಿಬೇಳೆ, ಇವು ಬರಿಯ ಕಡ; ಇವಕ್ಕೆ ಬಡ್ಡಿಯೆಂಬುದಿಲ್ಲ, ಆದರೆ ಹಿಂದಿರುಗಿಸುವಾಗ ಲೋಟದ ಅಂಚಿಗೆ ಸಮನಾಗಿ ತುಂಬಿ ಕೊಡದೆ, ಮೇಲೆ ಗೋಪುರ ಏಳುವಂತೆ ತುಂಬಿ ಕೊಡಬೇಕೆಂಬುದು ಹೆಂಗಸರಲ್ಲಿ ನಡೆದುಬಂದಿರುವ ಕಟ್ಟಳೆ. ಋಣವೆಂಬುದೋ ಈ ಮೂರಕ್ಕೂ ಆಚೆಯದು. ಊರು ಬಿಟ್ಟು ಹೊರಡುವಾಗ ಇಲ್ಲಿಯ ನೀರಿನ ಋಣ ತೀರಿತು ಎನ್ನುತ್ತೇವೆಯೇ ಹೊರತು ನೀರಿನ ಸಾಲ ತೀರಿತೆಂದು ಯಾರೂ ಹೇಳುವುದಿಲ್ಲ. ಅದರ ಲೆಕ್ಕವನ್ನು ಇಟ್ಟವರಾರು, ತೀರಿತೆಂದು ರಸೀತಿ ಕೊಟ್ಟವರಾರು ಎಂದು ಕೇಳುವುದೂ ಇಲ್ಲ.

ಬಡ್ಡಿಯ ವಿಚಾರದಲ್ಲಿ ನಮ್ಮ ಪೂರ್ವಿಕರು ಸಂಕೋಚಪಟ್ಟವರಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳ ನಡುವೆ ಶಾಮಶಾಸ್ತ್ರಿಗಳ ಕೈಗೆ ದೊರೆತು, 1909ರಲ್ಲಿ ಅವರಿಂದ ಅಚ್ಚಾಗಿ, ವಿದ್ವಲ್ಲೋಕವನ್ನು ಬೆರಗುಗೊಳಿಸಿದ ಕೌಟಿಲ್ಯನ ಗ್ರಂಥದಲ್ಲಿ, ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮ್ಯವಾದ ಬಡ್ಡಿಯೆಂದೂ, ವ್ಯಾಪಾರದ ಸಾಲಕ್ಕೆ 5, ಅರಣ್ಯಮಾರ್ಗವಾಗಿ ಹೋಗುವವರಿಗೆ 10, ಸಮುದ್ರಯಾನ ಮಾಡುವವರಿಗೆ 20 ಪಣಗಳೆಂದೂ ವಿಧಿಸಿದೆ. ಹಿಂದಿರುಗಿ ಬರುವ ಸಂಭವ ಕಡಮೆಯಾದಷ್ಟೂ ಬಡ್ಡಿ ಏರಬೇಕೆಂಬುದು ಇದರ ತಾತ್ಪರ್ಯ. ಸಂಸಾರಸಾಗರಕ್ಕೆ ಇಳಿಯುವವನಿಗೆ ಎಷ್ಟೆಂದು ಆ ಮಹಾನುಭಾವನು ಹೇಳಲಿಲ್ಲ. ದಯೆಯಿಂದ ಬಿಟ್ಟನೋ, ಅಂಥವನಿಗೆ ಸಾಲ ಕೊಡುವವರೇ ಇರಲಾರರೆಂದು ಬಿಟ್ಟನೋ ತಿಳಿಯದು. ಮನುಸ್ಮೃತಿಯೂ ಅಸಲಿನ ಎಂಬತ್ತನೆಯ ಒಂದು ಭಾಗವನ್ನು ತಿಂಗಳ ಬಡ್ಡಿಯೆನ್ನುತ್ತದೆ. ಲೆಕ್ಕ ಹಾಕಿ ನೋಡಿದರೆ ಅದೂ ನೂರಕ್ಕೆ ಒಂದೂಕಾಲೇ. ಇದಲ್ಲದೆ, ಒಂದೇ ಸಲ ವಸೂಲು ಮಾಡುವ ಪಕ್ಷದಲ್ಲಿ ಅಸಲೂ ಬಡ್ಡಿಯೂ ಸೇರಿ ಅಸಲಿನ ಎರಡರಷ್ಟನ್ನು ಮೀರಕೂಡದೆಂಬ ಕಟ್ಟುಪಾಡನ್ನೂ ಸ್ಮೃತಿ ಹಾಕಿದೆ. ಸಾಲಿಗನ ವಿಷಯದಲ್ಲಿ ಇಷ್ಟಾದರೂ ಕನಿಕರ ಪಟ್ಟರಲ್ಲಾ ಎಂದು ನಾನು ಕೃತಜ್ಞನಾಗಿದ್ದೇನೆ. ಸಾಲದ ಮೇಲಿನ ಸರ್ವಜ್ಞನ ತ್ರಿಪದಿಯನ್ನು ನೀವು ನಿರೀಕ್ಷಿಸುತ್ತಿದ್ದರೆ ಕ್ಷಮಿಸಬೇಕು. ಅದು ನಿಮಗೆಲ್ಲ ಕಂಠಪಾಠವಾಗಿದೆ, ನನಗಂತೂ ಕಂಠಕ್ಕೇ ಬಂದಿದೆ.

ಶಾಸ್ತ್ರ ಹಾಗಿರಲಿ. ನನ್ನಂಥ ಸಂಬಳಗಾರನಿಗೆ ತೆರೆದಿದ್ದ ಬಾಗಿಲುಗಳು ಕೆಲವೇ. ಒಂದು, ಸಹಕಾರ ಸಂಘ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಸಂಘವನ್ನು ಈ ಚಳವಳಿಯ ಮೊದಲ ಮೊಳಕೆಯೆಂದು ಕನ್ನಡನಾಡು ಅಭಿಮಾನದಿಂದ ಹೇಳಿಕೊಳ್ಳುತ್ತದೆ. ಆದರೂ ರಿಸರ್ವ್ ಬ್ಯಾಂಕಿನವರು 1951–52ರಲ್ಲಿ ದೇಶದ ಗ್ರಾಮಗಳನ್ನು ಸಮೀಕ್ಷೆ ಮಾಡಿಸಿದಾಗ, ರೈತರು ತಂದ ಸಾಲದಲ್ಲಿ ನೂರಕ್ಕೆ 3.1 ಭಾಗ ಮಾತ್ರ ಸಂಘಗಳಿಂದ ಬಂದದ್ದೆಂದೂ, ಸುಮಾರು 70 ಭಾಗ ಲೇವಾದೇವಿಗಾರರಿಂದ ಬಂದದ್ದೆಂದೂ ತಿಳಿಯಿತು. ನಂಟರಿಷ್ಟರ ಪಾಲು 14 ಎಂದು ಆ ವರದಿ ಹೇಳುತ್ತದೆ. ಪಕ್ಕದ ಮನೆಯ ಲೋಟವನ್ನು ಅವರು ಎಣಿಸಿದಂತೆ ಕಾಣೆ. ಎರಡನೆಯ ಬಾಗಿಲು ಗಿರವಿ ಅಂಗಡಿಯದು. ಅದನ್ನು ಕುರಿತು ಹೆಚ್ಚು ಹೇಳಿದರೆ ಮನೆಯಲ್ಲಿ ಕೇಳುತ್ತಿರುವವರಿಗೆ ನೋವಾಗುತ್ತದೆ. ಮೂರನೆಯದು ಚೀಟಿ. ಇಪ್ಪತ್ತೈದು ಮಂದಿ ಸೇರಿ ತಿಂಗಳಿಗೆ ತಲಾ 20 ರೂಪಾಯಿಯಂತೆ ಇಪ್ಪತ್ತೈದು ತಿಂಗಳು ಹಾಕಿದರೆ ಪ್ರತಿ ತಿಂಗಳೂ 500 ರೂಪಾಯಿ ಕೂಡುತ್ತದೆ; ಯಾವನಿಗೆ ಮಗಳ ಮದುವೆಯೋ ತಂದೆಯ ವೈದಿಕವೋ ಒದಗಿ ಬಂದಿರುವುದೋ ಅವನು ಕೂಗಿನಲ್ಲಿ 400ಕ್ಕೇ ಒಪ್ಪಿ ಚೀಟಿಯನ್ನು ಎತ್ತುತ್ತಾನೆ; ಬಿಟ್ಟ ನೂರು ರೂಪಾಯಿ ಒಬ್ಬೊಬ್ಬರಿಗೆ ನಾಲ್ಕರಂತೆ ಹಂಚಿಹೋಗುತ್ತದೆ. ಅವಸರವಿದ್ದವನು ಅವಸರವಿಲ್ಲದವನಿಗೆ ತೆರುವ ತೆರಿಗೆಯೆಂದೇ ನಾನು ಇದನ್ನು ತಿಳಿದಿದ್ದೇನೆ, ಏಕೆಂದರೆ ನಾನು ಹಾಕಿದ ಯಾವ ಚೀಟಿಯನ್ನೂ ಮೂರನೆಯ ತಿಂಗಳು ದಾಟಿ ಉಳಿಸಿಕೊಂಡವನಲ್ಲ.

ತಿಂಗಳ ಮೊದಲ ತಾರೀಖಿನ ರಾತ್ರಿ ಮಕ್ಕಳು ಮಲಗಿದ ಮೇಲೆ ನಮ್ಮ ಮನೆಯ ನಡುಮನೆಯಲ್ಲಿ ಒಂದು ಕಾರ್ಯಕ್ರಮ ನಡೆಯುತ್ತದೆ. ಸೊಸೈಟಿಯ ಕಂತು ಕಳೆದು ಕೈಗೆ ಬಂದ ಸಂಬಳವನ್ನು ಚಾಪೆಯ ಮೇಲೆ ಇಟ್ಟುಕೊಂಡು, ಮನೆಯ ಬಾಡಿಗೆಗೆ, ಶೆಟ್ಟರಿಗೆ, ಹಾಲಿನ ವರ್ತನೆಗೆ, ಚೀಟಿಗೆ, ಮಕ್ಕಳ ಫೀಜಿಗೆ ಎಂದು ಸಣ್ಣ ಸಣ್ಣ ಗುಡ್ಡೆಗಳನ್ನು ಮಾಡುತ್ತೇವೆ. ಒಂದು ಗುಡ್ಡೆ ಬೆಳೆದರೆ ಮತ್ತೊಂದು ಕುಗ್ಗುತ್ತದೆ. ಕೊನೆಗೆ ಎಲ್ಲವನ್ನೂ ಕೂಡಿಸಿ ಪುನಃ ಮೊದಲಿಂದ ಹಂಚುತ್ತೇವೆ, ಎರಡನೆಯ ಸಲ ಹಣ ಹೆಚ್ಚಾದೀತೆಂಬಂತೆ. 1957ರ ಏಪ್ರಿಲಿನಲ್ಲಿ ನಯಾಪೈಸೆ ಬಂದಾಗ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂಬ ಪಟ್ಟಿಯನ್ನು ನನ್ನ ಹೆಂಡತಿ ಬಾಯಿಪಾಠ ಮಾಡಿ, ‘ಆಣೆಗೆ ಆರಾದರೆ ಹದಿನಾರಾಣೆಗೆ ತೊಂಬತ್ತಾರಾಯಿತು, ಇನ್ನು ನಾಲ್ಕು ಯಾರ ಮನೆಗೆ ಹೋಯಿತು?’ ಎಂದು ಕೇಳಿದ್ದಳು. ಈಗಲೂ ಅವಳು ಹಾಲಿನವಳೊಡನೆ ವಾದಿಸುವುದು ಆಣೆಯ ಲೆಕ್ಕದಲ್ಲೇ. ನನ್ನ ಯೌವನವೆಲ್ಲ ಆಣೆಯಲ್ಲಿ ಕಳೆದು ಸಂಸಾರ ನಯಾಪೈಸೆಗೆ ಬಂದಿದೆ.

ಗುಡ್ಡೆಗಳೆಲ್ಲ ಮುಗಿದು ದೀಪ ಆರಿಸಿದ ಮೇಲೆ ನಿದ್ರೆ ಬಾರದ ಹೊತ್ತಿನಲ್ಲಿ ಮನಸ್ಸು ತಾನಾಗಿ ಮೈಸೂರಿಗೆ ಹೋಗುತ್ತದೆ. 1938ರ ಸುಮಾರಿನಲ್ಲಿ ನಾನು ಮಹಾರಾಜಾ ಕಾಲೇಜಿನ ವಿದ್ಯಾರ್ಥಿ. ಜೇಬಿನಲ್ಲಿ ಎರಡಾಣೆಯಿದ್ದರೆ ಸಾಹುಕಾರ, ಇಲ್ಲದಿದ್ದರೆ ತತ್ತ್ವಜ್ಞಾನಿ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುಳಿತು, ನೀರಿನ ಮೇಲೆ ಬಿಸಿಲು ಕೆಂಪಾಗುವುದನ್ನು ನೋಡುತ್ತ, ಕಾವ್ಯವೇ ಮೊದಲಾಗಿ ಸ್ವರಾಜ್ಯವೇ ಕಡೆಯಾಗಿ ಎಲ್ಲವನ್ನೂ ತೀರ್ಮಾನಿಸುತ್ತಿದ್ದೆವು. ನಮ್ಮ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ 30 ವಾಟ್ ಯಂತ್ರವನ್ನಿಟ್ಟು, ಬಹುಮಟ್ಟಿಗೆ ತಮ್ಮ ಕೈಯ ಹಣದಿಂದಲೇ ಬಾನುಲಿ ನಡೆಸುತ್ತಿದ್ದರು; ‘ಆಕಾಶವಾಣಿ’ ಎಂಬ ಹೆಸರು ಮೊದಲು ನಿಂತದ್ದು ಆ ಮನೆಯ ಮೇಲೆ. ಆ ಬೀದಿಯಲ್ಲಿ ಹಾದುಹೋಗುವಾಗ ನಾವು ಆ ಅದ್ಭುತಕ್ಕೆ ಬೆರಗಾದದ್ದುಂಟು. ಅದರ ಖರ್ಚನ್ನು ಆ ಮನೆಯವರು ಹೇಗೆ ಹೊಂದಿಸುತ್ತಿದ್ದರೆಂಬ ಯೋಚನೆ ಒಂದು ದಿನವೂ ಬರಲಿಲ್ಲ. ಇಪ್ಪತ್ತು ವರ್ಷದ ಹುಡುಗನಿಗೆ ಹೊಂದಿಸುವುದೆಂಬ ಕ್ರಿಯಾಪದವೇ ತಿಳಿಯದು.

ಊಟಕ್ಕೆ ವಾರಾನ್ನ. ಈಗಿನವರಿಗೆ ಇದನ್ನು ವಿವರಿಸಬೇಕಾದೀತು. ಬಡ ಹುಡುಗನು ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಆಯಾ ದಿನ ಆಯಾ ಮನೆಯ ಪಂಕ್ತಿಯಲ್ಲಿ ಉಂಡು ಬರುತ್ತಿದ್ದ. ಮಠಗಳ ಕಡೆಯಿಂದ ಸಿದ್ಧಗಂಗೆಯಲ್ಲಿಯೂ ಸುತ್ತೂರಿನವರ ವಿದ್ಯಾರ್ಥಿನಿಲಯಗಳಲ್ಲಿಯೂ ಇಂಥದೇ ಕಾರ್ಯ ಬಹು ದೊಡ್ಡದಾಗಿ, ನೂರಾರು ಮಕ್ಕಳಿಗೆ ಒಂದೇ ಸೂರಿನ ಕೆಳಗೆ ನಡೆದುಬಂದಿದೆ. ನನಗೆ ಆರು ಮನೆಗಳು ದೊರೆತಿದ್ದವು, ಭಾನುವಾರಕ್ಕೆ ಸಿಕ್ಕಿರಲಿಲ್ಲ. ಆದುದರಿಂದ ಭಾನುವಾರಗಳಲ್ಲಿ ನಾನೂ ನನ್ನಂಥ ಇನ್ನಿಬ್ಬರೂ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತುತ್ತಿದ್ದೆವು. ದೊಡ್ಡ ಬಸವನ ನೆರಳಿನಲ್ಲಿ ಕಡಲೆಕಾಯಿ ತಿಂದು ಹಾಡು ಹೇಳುತ್ತಿದ್ದೆವು. ಹಸಿವನ್ನು ಮರೆಯಲೆಂದು ಹತ್ತಿದೆವೋ, ಉಲ್ಲಾಸಕ್ಕಾಗಿ ಹತ್ತಿದೆವೋ, ಈಗ ನೆನೆದರೆ ಉಲ್ಲಾಸವೊಂದೇ ನೆನಪಿಗೆ ಬರುತ್ತದೆ. ನೆನಪೆಂಬುದು ಅಷ್ಟೇನೂ ಪ್ರಾಮಾಣಿಕನಾದ ಗುಮಾಸ್ತನಲ್ಲ.

ಗುರುವಾರದ ಮನೆ ಅಗ್ರಹಾರದ ಒಂದು ಓಣಿಯಲ್ಲಿತ್ತು. ಯಜಮಾನರು ಯಾವುದೋ ಕಚೇರಿಯಲ್ಲಿ ಗುಮಾಸ್ತರು, ಮಾತು ಕಡಮೆ. ಅವರ ಮನೆಯಾಕೆ ಎಲೆ ಹಾಕಿ, ನೀರಿಟ್ಟು, ‘ಕೂತುಕೋ ಮಗು, ಈಗ ಬಂದೆ’ ಎಂದು ಹೇಳಿ, ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದುಕೊಂಡು ಹಿತ್ತಿಲ ಬಾಗಿಲಿನಿಂದ ಹೊರಕ್ಕೆ ಹೋಗುತ್ತಿದ್ದರು. ಹಿತ್ತಿಲ ಗೋಡೆಯ ಬಳಿ ಪಕ್ಕದ ಮನೆಯವರೊಡನೆ ಮೆಲುದನಿಯಲ್ಲಿ ಎರಡು ಮಾತು, ಮತ್ತೆ ಸೆರಗಿನ ಮರೆ, ಮತ್ತೆ ಅಡಿಗೆಮನೆ. ಆಮೇಲೆ ಬಿಸಿಯನ್ನದ ಮೇಲೆ ತುಪ್ಪ ಬೀಳುತ್ತಿತ್ತು. ಎಲೆಯ ಮುಂದೆ ಕುಳಿತ ಹುಡುಗನಿಗೆ ಇದರಿಂದ ಹುಟ್ಟಿದ ಅಭಿಪ್ರಾಯ ಒಂದೇ: ಈ ಮಹಾತಾಯಿಗೆ ಹರಟೆಯ ಚಟ ಸ್ವಲ್ಪ ಹೆಚ್ಚು. ಗೆಳೆಯರಲ್ಲಿ ಇದನ್ನು ಹೇಳಿ ನಕ್ಕದ್ದೂ ಉಂಟು. ನಾಲ್ಕು ವರ್ಷ ಆ ತುಪ್ಪವನ್ನು ತಿಂದು ಪರೀಕ್ಷೆ ಕಟ್ಟಿ ತೇರ್ಗಡೆಯಾಗಿ, ಕೊನೆಯ ಗುರುವಾರ ನಮಸ್ಕಾರ ಮಾಡಿ ಬಂದೆ.

ಮದುವೆಯಾಗಿ ಎರಡು ವರ್ಷದ ಮೇಲೆ, ತಿಂಗಳ ಇಪ್ಪತ್ತಾರನೆಯ ತಾರೀಖೋ ಇಪ್ಪತ್ತೇಳನೆಯದೋ, ಮುನ್ಸೂಚನೆಯಿಲ್ಲದೆ ನನ್ನ ಶಾಲೆಯ ಮುಖ್ಯೋಪಾಧ್ಯಾಯರು ಮನೆಗೆ ಬಂದರು. ಅವರನ್ನು ಕುರ್ಚಿಯ ಮೇಲೆ ಕೂರಿಸಿ ಕಾಫಿಯೆಂದು ಒಳಕ್ಕೆ ಬಂದರೆ, ನನ್ನ ಹೆಂಡತಿ ಸೆರಗಿನ ಮರೆಯಲ್ಲಿ ಲೋಟ ಹಿಡಿದು ಹಿತ್ತಿಲ ಬಾಗಿಲನ್ನು ಸದ್ದಾಗದಂತೆ ತೆಗೆಯುತ್ತಿದ್ದಳು. ಅವಳ ಭುಜ ಬಾಗಿದ್ದ ರೀತಿ, ಬಾಗಿಲಿನ ಅಗುಳಿಯನ್ನು ಎರಡು ಬೆರಳಿನಲ್ಲಿ ಎತ್ತಿದ ರೀತಿ, ಎಲ್ಲಿಯೋ ಕಂಡದ್ದೆನಿಸಿತು. ಮುಖ್ಯೋಪಾಧ್ಯಾಯರು ಹೊರಗೆ ಕೆಮ್ಮಿದರು. ನಾನು ಅಡಿಗೆಮನೆಯ ಹೊಸ್ತಿಲ ಮೇಲೆ ಹಾಗೆಯೇ ನಿಂತುಬಿಟ್ಟೆ. ಹನ್ನೆರಡು ವರ್ಷದ ಹಿಂದಿನ ತುಪ್ಪದ ವಾಸನೆ ಮೂಗಿಗೆ ಬಂದಿತು.

ಅಂದಿನಿಂದ, ಯೌವನದಲ್ಲಿ ನನಗೆ ಚಿಂತೆಯಿರಲಿಲ್ಲ ಎಂಬ ಮಾತನ್ನು ನಾನು ಆಡುವುದಿಲ್ಲ. ಚಿಂತೆ ಇತ್ತು, ಅದು ಬೇರೆಯವರ ಅಡಿಗೆಮನೆಯಲ್ಲಿತ್ತು. ಸ್ಮೃತಿಕಾರರಿಗೆ ಇದು ತಿಳಿದಿದ್ದಿತು. ಮಿಕ್ಕ ಮೂರು ಆಶ್ರಮಗಳನ್ನು ಹೊತ್ತು ನಿಂತಿರುವವನು ಗೃಹಸ್ಥನೆಂದೂ, ಬ್ರಹ್ಮಚಾರಿ ಸಂಪಾದಿಸತಕ್ಕವನಲ್ಲ, ಭಿಕ್ಷೆ ಬೇಡತಕ್ಕವನೆಂದೂ ಅವರು ವಿಧಿಸಿದರು. ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂಬ ವೈದಿಕ ಕಲ್ಪನೆಯಲ್ಲಿಯೂ ಒಂದು ವಿಚಿತ್ರವಿದೆ: ಋಷಿಗಳ ಋಣ ಅಧ್ಯಯನದಿಂದ, ದೇವತೆಗಳದು ಯಜ್ಞದಿಂದ ತೀರುತ್ತದೆ, ಪಿತೃಗಳದು ಮಾತ್ರ ತೀರುವುದು ಮಕ್ಕಳನ್ನು ಪಡೆಯುವುದರಿಂದ. ಕೊಟ್ಟವರು ಹಿಂದೆ ಇದ್ದಾರೆ, ಸಲ್ಲಿಸುವುದು ಮುಂದಿನವರಿಗೆ. ಯಾವ ನ್ಯಾಯಾಲಯವೂ ಒಪ್ಪದ ಈ ಲೆಕ್ಕವನ್ನು ಪುರೋಹಿತರ ಬಾಯಲ್ಲಿ ಕೇಳಿದಾಗ ನಾನು ಆಕಳಿಸಿದ್ದೆ.

ಕೆಲವು ವರ್ಷದ ಹಿಂದೆ ದಸರೆಯ ರಜದಲ್ಲಿ ಮೈಸೂರಿಗೆ ಹೋದಾಗ ಆ ಓಣಿಯನ್ನು ಹುಡುಕಿಕೊಂಡು ಹೋದೆ. ಮನೆ ಇತ್ತು, ಬೇರೆಯವರಿದ್ದರು. ಮೊದಲಿದ್ದವರು ಎಲ್ಲಿಗೆ ಹೋದರೆಂದು ಅವರಿಗೆ ತಿಳಿಯದು. ಹಿತ್ತಿಲ ಗೋಡೆಯನ್ನು ನೋಡಬಹುದೇ ಎಂದು ಕೇಳಲು ನಾಚಿಕೆಯಾಗಿ ಹಿಂದಿರುಗಿದೆ.

ಈಗ ನಮ್ಮ ಮನೆಗೆ ಪ್ರತಿ ಭಾನುವಾರವೂ ಒಬ್ಬ ಹುಡುಗ ಊಟಕ್ಕೆ ಬರುತ್ತಾನೆ. ದೂರದ ನಂಟ, ಕಾಲೇಜಿನಲ್ಲಿ ಓದುತ್ತಿದ್ದಾನೆ. ಬೀದಿಯ ತಿರುವಿನಿಂದಲೇ ಸಿಳ್ಳು ಕೇಳಿಸುತ್ತದೆ. ಕಳೆದ ವಾರ ಎಲೆಯ ಮುಂದೆ ಕುಳಿತು, ಹುಳಿಗೆ ಗುಂಡಿ ಮಾಡಿಕೊಂಡು, ಹಿತ್ತಿಲ ಕಡೆಗೆ ಒಮ್ಮೆ ನೋಡಿ ನಗುತ್ತ ಕೇಳಿದ: ‘ಮಾವ, ಅತ್ತೆಗೆ ಪಕ್ಕದ ಮನೆಯವರನ್ನು ಕಂಡರೆ ಬಹಳ ಇಷ್ಟ ಅಂತ ಕಾಣುತ್ತೆ, ಅಲ್ಲವೇ?’

‘ಹೌದಪ್ಪ, ಬಹಳ ಇಷ್ಟ’ ಎಂದೆ. ಅಷ್ಟರಲ್ಲಿ ತುಪ್ಪ ಬಂದಿತು.