ನಾಳೆ ಬನ್ನಿ ಅನ್ನೋದು ಉತ್ತರವಲ್ಲ



ಮಳೆಗೆ ಗೋಡೆ ಕುಸಿದ ರಾತ್ರಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗೋದು? ಬಾಡಿಗೆ ಮನೆ ಬಿಡಿಸಿದರೆ, ಇನ್ನೊಂದು ಸಿಗೋವರೆಗೆ ಸೂರು ಎಲ್ಲಿ? ಇದನ್ನು ನಾವು ಕೇಳಬೇಕಾದದ್ದು ತುಮಕೂರಿನಲ್ಲಿ ಮಹಾನಗರ ಪಾಲಿಕೆಯನ್ನು. ಗುಬ್ಬಿ, ಕುಣಿಗಲ್ ಪೇಟೆಯಲ್ಲಿ ಅಲ್ಲಿನ ಸ್ಥಳೀಯ ಸಂಸ್ಥೆಯನ್ನು. ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿಯನ್ನು.

ನಗರಗಳಲ್ಲಿ ಲಕ್ಷ ಜನರಿಗೆ ಒಂದರಂತೆ, ಹಗಲು ರಾತ್ರಿ ತೆರೆದಿರುವ ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. 2011ರ ಜನಗಣತಿಯಲ್ಲೇ ತುಮಕೂರು ನಗರ 3 ಲಕ್ಷ ದಾಟಿತ್ತು. ಹಾಗಾದರೆ ಕೇಂದ್ರಗಳು ಎಷ್ಟಿವೆ? ಹೆಂಗಸರಿಗೆ, ಮಕ್ಕಳಿಗೆ ಬೇರೆ ಜಾಗ ಇದೆಯಾ?

ಬಾಯಲ್ಲಿ ಕೇಳಿದರೆ "ನಾಳೆ ಬನ್ನಿ" ಅಂತಾರೆ. ಬರೆದು ಕೇಳೋಣ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಗೆ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಕಾರ್ಡಿನ ಪ್ರತಿ ಇಟ್ಟರೆ ಸಾಕು. "ಯಾಕೆ ಕೊಡಲಿಲ್ಲ" ಅಂತ ಜಗಳ ಬರೆಯೋದು ಬೇಡ. "ಎಷ್ಟು, ಎಲ್ಲಿ, ಯಾವ ಆದೇಶ, ಪ್ರತಿ ಕೊಡಿ" ಅಂತ ಬರೆಯಿರಿ.

ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಪಾಲಿಕೆಯ ಜಾಗದಲ್ಲಿ ಸಿನಿಮಾ ಶೂಟಿಂಗ್ ನಡೆದಿದ್ದರೆ ಅನುಮತಿ ಯಾರು ಕೊಟ್ಟರು, ಶುಲ್ಕ ಎಷ್ಟು ಬಂತು ಅಂತಲೂ ಕೇಳಬಹುದು, ಆದರೆ ಬೇರೆ ಅರ್ಜಿಯಲ್ಲಿ.

ಅರ್ಜಿ ಒಬ್ಬರ ಹೆಸರಲ್ಲಿರಲಿ. ಕೊಡೋಕೆ ಸಂಘದ ಹತ್ತು ಜನ ಹೋಗೋಣ. ಸ್ವೀಕೃತಿ ಚೀಟಿ ಇಲ್ಲದೆ ವಾಪಸ್ ಬರೋದು ಬೇಡ. 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಆ ಚೀಟಿ ಹಿಡಿದೇ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕೋಣ.