ಪಾರ್ಟ್‌ನರ್ ಎಂದರೆ ಯಾರು?

(ಜುಮಾ ಖುತ್ಬಾದ ಸಾರಾಂಶ: ನಿಜಲಿಂಗಪ್ಪ ಬಡಾವಣೆ, ದಾವಣಗೆರೆ)



ಇಂದು ನಾವು ಕೂಲಿಯ ವಿಷಯ ಮಾತನಾಡೋಣ. ರಾತ್ರಿ ಹನ್ನೊಂದಕ್ಕೂ ಬೆನ್ನಿಗೆ ಚೀಲ ಹಾಕಿಕೊಂಡು ನಮ್ಮ ಬಡಾವಣೆಯ ಮನೆಗಳಿಗೆ ಊಟ ತಲುಪಿಸುವ ಹುಡುಗರು ನಮ್ಮ ಮಕ್ಕಳೇ. ಕೆಲವರು ಈ ಹೊತ್ತಿನ ಆರ್ಡರ್ ಬಿಟ್ಟು ಇಲ್ಲಿ ಸಫ್‌ನಲ್ಲಿ ಕುಳಿತಿದ್ದಾರೆ. ಕಂಪನಿ ಅವರನ್ನು ನೌಕರ ಎನ್ನುವುದಿಲ್ಲ, ‘ಪಾರ್ಟ್‌ನರ್’ ಎನ್ನುತ್ತದೆ.

ಈ ಮಾತನ್ನು ಫಿಕ್ಹ್‌ನ ತಕ್ಕಡಿಯಲ್ಲಿ ತೂಗಿ ನೋಡೋಣ. ಪಾಲುದಾರಿಕೆಯಲ್ಲಿ ಲೆಕ್ಕ ಇಬ್ಬರಿಗೂ ತೆರೆದಿರುತ್ತದೆ, ಲಾಭದ ಪಾಲು ಮೊದಲೇ ಗೊತ್ತಿರುತ್ತದೆ. ದರ ಇಳಿದದ್ದು ಆಪ್ ತೆರೆದಾಗಲೇ ತಿಳಿಯುವವನು ಎಂಥ ಪಾಲುದಾರ? ಇನ್ನು ಕೂಲಿಗಾರರಲ್ಲಿ ಫುಕಹಾಗಳು ಎರಡು ಬಗೆ ಹೇಳಿದ್ದಾರೆ. ತನ್ನ ಸಮಯವನ್ನು ಒಬ್ಬನಿಗೇ ಕೊಟ್ಟವನು ಅಜೀರ್ ಖಾಸ್. ಮಾಲೀಕ ಕೆಲಸ ಕೊಡದೆ ಕೂರಿಸಿದರೂ ಅವನ ಕೂಲಿ ಸಲ್ಲಬೇಕು. ದರ್ಜಿಯಂತೆ ಹತ್ತು ಜನರ ಕೆಲಸ ಹಿಡಿಯುವವನು ಅಜೀರ್ ಮುಶ್ತರಕ್. ಅವನಿಗೆ ಕೆಲಸ ಮುಗಿದ ಮೇಲೆ ಕೂಲಿ, ಆದರೆ ದರ ಮಾತಾಡುವ ಬಾಯಿ ಅವನಿಗುಂಟು. ಆಪ್‌ನ ಹುಡುಗನ ಪಾಲಿಗೆ ಬಂದಿರುವುದು ಎರಡರ ಕಷ್ಟವೂ: ದರ್ಜಿಯಂತೆ ಕೆಲಸವಿದ್ದರಷ್ಟೇ ಕಾಸು, ನೌಕರನಂತೆ ಹೇಳಿದ್ದಕ್ಕೆ ತಲೆಯಾಡಿಸಬೇಕು.

ಒಪ್ಪಂದದಲ್ಲಿ ಪದಕ್ಕಿಂತ ಅದರ ಉದ್ದೇಶ, ಅರ್ಥಗಳನ್ನು ನೋಡಬೇಕೆಂಬುದು ಫಿಕ್ಹ್‌ನ ಹಳೆಯ ನಿಯಮ. 2021ರ ಫೆಬ್ರವರಿ 19ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರ ಪ್ರಕರಣದಲ್ಲಿ ಹಿಡಿದದ್ದೂ ಇದೇ ದಾರಿ. ಕಾಗದದಲ್ಲಿ ಏನೇ ಬರೆದಿರಲಿ, ನಡೆಯುತ್ತಿರುವುದನ್ನು ನೋಡಿ, ಕನಿಷ್ಠ ವೇತನ ಮತ್ತು ಸಂಬಳಸಹಿತ ರಜೆಗೆ ಅವರು ಹಕ್ಕುದಾರರೆಂದಿತು.

ನಮಗೆ ಇದು ಹೊಸ ಕಥೆಯೇನಲ್ಲ. ದಾವಣಗೆರೆ, ಹರಿಹರದ ಎಷ್ಟೋ ಮನೆಗಳಲ್ಲಿ ತಾಯಂದಿರು ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದರು. (ಬೀಡಿ ಸೇದುವುದು ಸರಿಯೇ ಎಂಬುದು ಬೇರೊಂದು ಜುಮಾದ ವಿಷಯ.) ಎಲೆ, ತಂಬಾಕು ಕೊಡುವವನು ಗುತ್ತಿಗೆದಾರ, ಕಟ್ಟುವವರು ನಮ್ಮ ಕೆಲಸಗಾರರೇ ಅಲ್ಲ ಎಂದು ಮಾಲೀಕರು ವಾದಿಸುತ್ತಿದ್ದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕುಳಿತು ಕಟ್ಟುವವರನ್ನೂ ನೌಕರರೆಂದೇ ಎಣಿಸಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು.

ಆಪ್‌ನ ಹುಡುಗರಿಗೆ ಕಾನೂನು ಇನ್ನೂ ಅಷ್ಟು ದೂರ ಬಂದಿಲ್ಲ. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆ ಅವರನ್ನು ಮಾಲೀಕ-ನೌಕರ ಸಂಬಂಧದ ಹೊರಗಿನವರೆಂದೇ ಕರೆಯುತ್ತದೆ. 2025ರಲ್ಲಿ ನಮ್ಮ ರಾಜ್ಯ ತಂದ ಗಿಗ್ ಕಾರ್ಮಿಕರ ಕಾಯ್ದೆಯೂ ನೌಕರ ಎಂಬ ಹೆಸರು ಕೊಡಲಿಲ್ಲ. ಆದರೆ ಕಲ್ಯಾಣ ಮಂಡಳಿ ರಚಿಸಿ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಶೇ. 1ರಿಂದ 5ರವರೆಗೆ ಕಂಪನಿಯಿಂದ ಶುಲ್ಕ ಪಡೆಯಲು ಅವಕಾಶ ಮಾಡಿತು. ಹಣ ಕಡಿತಕ್ಕೆ ಕಾರಣ ತಿಳಿಸಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದುಕೊಟ್ಟು 14 ದಿನ ಮೊದಲೇ ಹೇಳಬೇಕು. ರಾತ್ರೋರಾತ್ರಿ ಐಡಿ ಬಂದ್ ಆಗಿ ಬೈಕಿನ ಕಂತು ಕಟ್ಟಲಾಗದೆ ಕೂತವನಿಗೆ ಇದರ ಬೆಲೆ ಗೊತ್ತು. ಆದರೂ ನಮ್ಮ ದೃಷ್ಟಿಯಲ್ಲಿ ಇದು ಅರ್ಧ ದಾರಿ ಮಾತ್ರ.

ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್‌ನ ದಿನ ಸ್ವತಃ ಅಲ್ಲಾಹನೇ ವಾದಿಯಾಗುವನೆಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಅದು ದೊಡ್ಡ ಕಂಪನಿಗಳಿಗಷ್ಟೇ ಹೇಳಿದ್ದಲ್ಲ. ನಮ್ಮಲ್ಲೂ ಹೋಟೆಲ್, ಕಿರಾಣಿ ಅಂಗಡಿ ಇಟ್ಟವರಿದ್ದೇವೆ. ನಮ್ಮ ಅಂಗಡಿಯ ಹುಡುಗನಿಗೆ ಎಷ್ಟು ಕೊಡುತ್ತೇವೆಂದು ಮೊದಲ ದಿನವೇ ಹೇಳಿದ್ದೇವೆಯೇ? ಮದ್‌ಯನ್‌ನ ಹಿರಿಯರು ಮೂಸಾ(ಅ)ರನ್ನು ದುಡಿಮೆಗೆ ಇಟ್ಟುಕೊಂಡಾಗ ಎಂಟು ವರ್ಷ, ಹೆಚ್ಚೆಂದರೆ ಹತ್ತು ಎಂದು ಅವಧಿಯನ್ನೂ ಪ್ರತಿಫಲವನ್ನೂ ಮೊದಲೇ ನಿಗದಿ ಮಾಡಿದ್ದರು.

ಇನ್ನೊಂದು ಕೆಲಸ ಉಳಿದಿದೆ. ರಾಜ್ಯದ ಗಿಗ್ ಕಾರ್ಮಿಕರ ವಿಮಾ ಯೋಜನೆಯಲ್ಲಿ ಕಾರ್ಮಿಕ ಕಂತು ಕಟ್ಟಬೇಕಿಲ್ಲ. ಅಪಘಾತದಲ್ಲಿ ಪ್ರಾಣ ಹೋದರೆ ಮನೆಯವರಿಗೆ 4 ಲಕ್ಷ ರೂಪಾಯಿ ಸಿಗುತ್ತದೆ. ಸೇವಾ ಸಿಂಧುವಿನಲ್ಲಿ ಹೆಸರು ಬರೆಸಬೇಕಷ್ಟೆ. ಕಂಪ್ಯೂಟರ್ ಬಲ್ಲ ಯುವಕರು ಭಾನುವಾರ ಅಸರ್ ಬಳಿಕ ಮಸೀದಿಯಲ್ಲಿ ಕೂರಲಿ. ಡೆಲಿವರಿ ಕೆಲಸ ಮಾಡುವವರು ಆಧಾರ್ ಮತ್ತು ಇ-ಶ್ರಮ್ ಕಾರ್ಡ್ ತನ್ನಿ.