ಮೊದಲ ಸ್ಕ್ಯಾನ್‌ನ ಫಿಲ್ಮ್ ಎಲ್ಲಿದೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಂಡಾಶಯದ ಕ್ಯಾನ್ಸರ್ ಎಂದ ಕೂಡಲೇ ಗಂಡಸರ ಸಾಲಿನಲ್ಲಿ ಕೆಲವರು ತಲೆ ತಗ್ಗಿಸಿದಿರಿ. ಇದು ಹೆಂಗಸರ ವಿಷಯ, ನಮಗೇಕೆ ಎಂದು ಅನಿಸಿರಬಹುದು. ಆದರೆ ಆಸ್ಪತ್ರೆಯ ಫೈಲು ಹಿಡಿದು ಓಡಾಡುವವರು ನೀವೇ ತಾನೆ? ಆದ್ದರಿಂದ ನೀವೇ ಮೊದಲು ಕೇಳಬೇಕು.

ಈ ರೋಗ ಸದ್ದಿಲ್ಲದೆ ಬರುತ್ತದೆ. ಹೊಟ್ಟೆ ಉಬ್ಬರ, ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಉಮ್ಮ ಅದನ್ನು ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿಯುತ್ತಾ ತಿಂಗಳುಗಳು ಕಳೆದಿರುತ್ತವೆ. ಪತ್ತೆಯಾಗುವಾಗ ಹೆಚ್ಚಿನವರಲ್ಲಿ ರೋಗ ಹೊಟ್ಟೆಯೊಳಗೆ ಹರಡಿರುತ್ತದೆ. ಅಂಥವರಲ್ಲಿ ಅನೇಕರಿಗೆ ಮೊದಲು ಇಪ್ಪತ್ತೊಂದು ದಿನಗಳಿಗೊಮ್ಮೆ ಮೂರು ಸಲ ಕೀಮೋ ಕೊಟ್ಟು, ನಂತರ ಸಿ.ಟಿ. ಸ್ಕ್ಯಾನ್ ಮಾಡಿ, ಆಪರೇಷನ್ ಮಾಡಿ, ಮತ್ತೆ ಕೀಮೋ ಮುಂದುವರಿಸುತ್ತಾರೆ.

ನಾನು ಹೇಳಹೊರಟಿರುವುದು ಆ ನಡುವಿನ ಸ್ಕ್ಯಾನ್ ಬಗ್ಗೆ. ಮೂರು ಕೀಮೋ ಆಗುವಷ್ಟರಲ್ಲಿ ಅನೇಕರಿಗೆ ಹೊಟ್ಟೆಯ ನೀರು ಇಳಿದು, ಊಟ ಸೇರತೊಡಗುತ್ತದೆ. "ಅಲ್‌ಹಮ್ದುಲಿಲ್ಲಾಹ್, ಗುಣವಾಯಿತಲ್ಲ, ಇನ್ನು ಸ್ಕ್ಯಾನ್ ಏಕೆ?" ಎಂದು ಮನೆಯವರು ನಿಂತುಬಿಡುತ್ತಾರೆ. ಕಡಬದಿಂದ ಉಪ್ಪಿನಂಗಡಿಗೆ, ಅಲ್ಲಿಂದ ಮಂಗಳೂರಿಗೆ ರೋಗಿಯನ್ನು ಕರೆದುಕೊಂಡು ಹೋಗಿಬರುವ ಕಷ್ಟ ನನಗೆ ಗೊತ್ತಿದೆ. ಆದರೆ ಆಪರೇಷನ್ ಸಾಧ್ಯವೋ, ಔಷಧ ಬದಲಿಸಬೇಕೋ ಎಂಬ ತೀರ್ಮಾನಕ್ಕೆ ಆ ಸ್ಕ್ಯಾನ್ ಬೇಕು. ಅದನ್ನು ಮುಂದೂಡಿದರೆ ಆಪರೇಷನ್ನಿನ ಸಮಯವೂ ತಪ್ಪುತ್ತದೆ.

ಸ್ಕ್ಯಾನ್ ನೋಡುವ ವೈದ್ಯರು ಲೆಕ್ಕ ಹಾಕುವುದು ಹೀಗೆ. ಮೊದಲ ಸ್ಕ್ಯಾನ್‌ನಲ್ಲಿ ಒಂದು ಗಡ್ಡೆ 6 ಸೆಂ.ಮೀ., ಇನ್ನೊಂದು 4 ಸೆಂ.ಮೀ. ಇತ್ತೆನ್ನಿ. ಒಟ್ಟು 10. ಮೂರು ಕೀಮೋ ನಂತರ 4 ಮತ್ತು 2.5, ಅಂದರೆ ಒಟ್ಟು 6.5. ಶೇ. 35ರಷ್ಟು ಇಳಿದಿದೆ. ಶೇ. 30 ಅಥವಾ ಹೆಚ್ಚು ಇಳಿದರೆ ಔಷಧಕ್ಕೆ ರೋಗ ಭಾಗಶಃ ಬಗ್ಗಿದೆ ಎಂದರ್ಥ. ಏರಿಕೆಯನ್ನು ಅಳೆಯುವಾಗ ಹೋಲಿಸುವುದು ಮೊದಲ ಸ್ಕ್ಯಾನ್‌ಗಲ್ಲ, ಅದುವರೆಗಿನ ಅತಿ ಕಡಿಮೆ ಅಳತೆಗೆ. ಆ 6.5 ಮುಂದೆ 7.8 ಆದರೆ ಶೇ. 20 ಏರಿತು, ರೋಗ ಬೆಳೆಯುತ್ತಿದೆ ಎಂದೇ ಎಣಿಸುತ್ತಾರೆ. 10ರಿಂದ 7.8ಕ್ಕೆ ಇಳಿದಿದೆಯಲ್ಲ ಎಂದು ನಾವು ಸಂತೋಷಪಡುತ್ತಿರುತ್ತೇವೆ! ಬೇರೆ ಕಡೆ ಹೊಸ ಗಡ್ಡೆ ಕಂಡರೂ ಅದೇ ತೀರ್ಮಾನ.

ಈಗ ಹೇಳಿ, ಮೊದಲ ಸ್ಕ್ಯಾನ್‌ನ ಫಿಲ್ಮ್ ಎಲ್ಲಿದೆ? ಪುತ್ತೂರಿನಲ್ಲೋ ಸುಳ್ಯದಲ್ಲೋ ಮಾಡಿಸಿದ್ದು. ರಿಪೋರ್ಟಿನ ಕಾಗದ ಸಿಗುತ್ತದೆ, ಸಿ.ಡಿ. ಸಿಗುವುದಿಲ್ಲ. ಫಿಲ್ಮ್ ಅಟ್ಟದ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿದೆ. ಹೋಲಿಸಲು ಹಳೆಯದಿಲ್ಲದಿದ್ದರೆ ಹೊಸ ಸ್ಕ್ಯಾನ್ ಅರ್ಧ ಮಾತನ್ನಷ್ಟೇ ಹೇಳುತ್ತದೆ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಕಡೆ, ಒಂದೇ ಬಗೆಯ ಸ್ಕ್ಯಾನ್ ಮಾಡಿಸಿ.

ಸಿ.ಟಿ.ಗೂ ಮಿತಿಯಿದೆ. ಕರುಳಿನ ಮೇಲೆ ಸಾಸಿವೆ ಕಾಳಿನಂತೆ ಅಂಟಿಕೊಂಡ ರೋಗ ಅದಕ್ಕೆ ಕಾಣದೆ ಹೋಗಬಹುದು. ಹಾಗಾಗಿ ರಿಪೋರ್ಟಿನಲ್ಲಿ ಏನೂ ಇಲ್ಲವೆಂದು ಬಂದರೂ ಉಳಿದ ಕೀಮೋ ಬಿಡಬಾರದು. ಸಿ.ಎ.-125 ಎಂಬ ರಕ್ತಪರೀಕ್ಷೆಯನ್ನೂ ಜತೆಗಿಟ್ಟು ನೋಡುವುದು ಇದಕ್ಕಾಗಿಯೇ. ಅದು ಏರುತ್ತಿದ್ದು ಸಿ.ಟಿ.ಯಲ್ಲಿ ಏನೂ ಕಾಣದಿದ್ದಾಗ ಪೆಟ್-ಸಿ.ಟಿ. ಮಾಡಿಸಲು ಹೇಳುವುದುಂಟು. ಅದರಲ್ಲಿ ವಿಕಿರಣ ಬೆರೆತ ಸಕ್ಕರೆಯಂಥ ಔಷಧವನ್ನು ನರಕ್ಕೆ ಕೊಡುತ್ತಾರೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಚಿತ್ರ ಕೆಡುತ್ತದೆ. ಶುಗರ್ ಇರುವವರು ಮೊದಲೇ ತಿಳಿಸಬೇಕು. ಸಿ.ಟಿ.ಗೆ ಮುಂಚೆ ಕಿಡ್ನಿಯ ರಕ್ತಪರೀಕ್ಷೆ ಕೇಳುವುದು ಹಣ ಕೀಳಲಿಕ್ಕಲ್ಲ, ಚುಚ್ಚುವ ಬಣ್ಣದ ಔಷಧ ಕಿಡ್ನಿಯ ಮೂಲಕ ಹೊರಹೋಗಬೇಕು, ಅದಕ್ಕೆ.

ಹಾಗೆಂದು ಭಯಕ್ಕೆ ತಿಂಗಳಿಗೊಂದು ಸ್ಕ್ಯಾನ್ ಮಾಡಿಸುವುದೂ ಬೇಡ. ಚಿಕಿತ್ಸೆ ಮುಗಿದವರಲ್ಲಿ ಸಿ.ಎ.-125 ಏರಿದ ತಕ್ಷಣ ಕೀಮೋ ಶುರು ಮಾಡಿದರೂ, ತೊಂದರೆ ಕಾಣಿಸಿದ ಮೇಲೆ ಶುರು ಮಾಡಿದರೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2010ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನವೊಂದು ತೋರಿಸಿತು. ಯಾವಾಗ ಬೇಕೆಂದು ವೈದ್ಯರೇ ಹೇಳಲಿ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೆಸರು ಎಲ್ಲರಿಗೂ ಗೊತ್ತು. ಸ್ವಾತಂತ್ರ್ಯ ಹೋರಾಟಗಾರರೂ ನೆಹರೂ ಸಂಪುಟದ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ನೆನಪಿನ ಹೆಸರದು ಎಂಬುದು ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಈಗ ಅಷ್ಟು ದೂರ ಹೋಗಲೇಬೇಕೆಂದಿಲ್ಲ, ಮಂಗಳೂರಿನಲ್ಲೂ ದೇರಳಕಟ್ಟೆಯಲ್ಲೂ ಕ್ಯಾನ್ಸರ್ ಚಿಕಿತ್ಸೆಯಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸ್ಕ್ಯಾನ್‌ನ ಖರ್ಚು ಅದರಲ್ಲಿ ಸೇರುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿಕೊಳ್ಳಿ.

ಸಹೋದರಿಯರೇ, ಸ್ಕ್ಯಾನಿಂಗ್ ಕೊಠಡಿಯಲ್ಲಿ ಮಹಿಳಾ ಸಿಬ್ಬಂದಿ ಬೇಕೆಂದು ಕೇಳಲು ಸಂಕೋಚ ಬೇಡ. ಸಿ.ಟಿ.ಗೆ ಲೋಹದ ಪಿನ್ನು, ಸರ ತೆಗೆಯಬೇಕಾಗುತ್ತದೆ. ಮೈ ಮುಚ್ಚುವ ಗೌನು ಕೊಡುತ್ತಾರೆ. ರಂಝಾನಿನಲ್ಲಿ ದಿನಾಂಕ ಬಂದರೆ ಪೆರ್ನಾಳ್ ಕಳೆಯಲಿ ಎಂದು ಮುಂದೂಡಬೇಡಿ, ರೋಗಿಗೆ ಉಪವಾಸದ ವಿನಾಯಿತಿ ಇದ್ದೇ ಇದೆ.

ವಿದ್ಯಾರ್ಥಿಗಳಿಗೊಂದು ಕೆಲಸ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ರೋಗಿಯಿದ್ದರೆ ಒಂದು ಫೈಲು ತೆಗೆದುಕೊಳ್ಳಿ. ಸ್ಕ್ಯಾನ್‌ಗಳನ್ನು ದಿನಾಂಕದ ಕ್ರಮದಲ್ಲಿಡಿ, ಸಿ.ಡಿ.ಯ ಮೇಲೆ ಹೆಸರು, ದಿನಾಂಕ ಬರೆಯಿರಿ, ಕೀಮೋ ಕೊಟ್ಟ ದಿನಗಳನ್ನು ಒಂದು ಹಾಳೆಯಲ್ಲಿ ಗುರುತು ಮಾಡಿ. ರಿಪೋರ್ಟಿನ ಇಂಗ್ಲಿಷನ್ನು ಓದಿ ಉಮ್ಮನಿಗೇ ಅರ್ಥ ಹೇಳಿ. ಅವರಿಂದ ಮುಚ್ಚಿಟ್ಟು ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಬೇಡಿ.